ಟ್ಯೂಬಿನ ಮೇಲೆ ಎಡಗೈ

ಆಸ್ಪತ್ರೆಯಲ್ಲಿ ನಾನು ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ, ಡ್ರೆಸ್ಸರ್. ಗಾಯ ತೊಳೆದು, ಮದ್ದು ಹಚ್ಚಿ, ಪಟ್ಟಿ ಕಟ್ಟುವವನು. ಆದರೆ ನಮ್ಮೂರು ಬೂದಿಕೋಟೆ ಕಡೆಯವರು ಮಾತ್ರ ನನಗೆ ಡಾಕ್ಟರ್ ಪದವಿ ಕೊಟ್ಟುಬಿಟ್ಟಿದ್ದರು. ರಜಕ್ಕೆ ಹೋಗಿ ಬಸ್ಸಿಳಿದರೆ ಸಾಕು, ಯಾರಾದರೂ ಹಸುವಿನ ಕೆಚ್ಚಲು ತೋರಿಸಿ, "ಒಸಿ ನೋಡಪ್ಪಾ ಕೃಷ್ಣಪ್ಪ, ಬಾವು ಬಂದದೆ" ಅನ್ನುತ್ತಿದ್ದರು. ನಾನೂ ನೋಡುತ್ತಿದ್ದೆ. ಹಸುಗಳಿಂದ ನನ್ನ ಮೇಲೆ ಯಾವತ್ತೂ ದೂರು ಬರಲಿಲ್ಲ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ಕೈಯಲ್ಲಿ ಎಂತೆಂಥ ಸಾಮಾನು ನೋಡುತ್ತೇನೆ! ಚರ್ಮದ ಮೇಲೆ ಒತ್ತಿದರೆ ಕೂರುವ, ಒಳಗಿನದೆಲ್ಲ ಹೊರಗೇ ಕಾಣುವ ಪಟ್ಟಿ. ಟ್ಯೂಬನ್ನು ಹಿಡಿದುಕೊಳ್ಳುವುದಕ್ಕೇ ಬೇರೆ ಕ್ಲಿಪ್ಪು. ಕೆಜಿಎಫ್‌ನ ಗಣಿ ಆಸ್ಪತ್ರೆಯೊಂದರಲ್ಲಿ ನಾನು ಸೇರಿದ ಐವತ್ತರ ದಶಕದಲ್ಲಿ ನಮ್ಮ ಹತ್ತಿರ ಇದ್ದದ್ದು ಗಾಸ್ ಬಟ್ಟೆ, ಅಂಟಿಸುವ ಸುರುಳಿ ಪ್ಲಾಸ್ಟರ್, ಒಂದು ಮೊಂಡು ಕತ್ತರಿ, ಮತ್ತೆ ಬೈಯುವುದಕ್ಕೆ ಸಿಸ್ಟರ್ ಫಿಲೋಮಿನಾ. ಸಾಮಾನಿನಲ್ಲಿ ನೀವು ಮುಂದೆ ಇದ್ದೀರಿ, ಒಪ್ಪಿದೆ. ಪಟ್ಟಿ ಬಿಚ್ಚುವಾಗ ಟ್ಯೂಬು ಕಿತ್ತು ಬರುವುದು ಮಾತ್ರ ಅಂದಿಗೂ ಇಂದಿಗೂ ಒಂದೇ ಥರ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಷ್ಟು ಸಾವಿರ ಪಟ್ಟಿ ಕಟ್ಟಿದೆನೋ ಗೊತ್ತಿಲ್ಲ. ಈಗ ಕೂತು ನೆನೆಸಿಕೊಂಡರೆ ಕಣ್ಣಿಗೆ ಬರುವುದು ಒಂದೇ ತೋಳು. ಅದು ಕಾಮಸಮುದ್ರದ ಕಡೆಯಿಂದ ಬಂದು ಗಣಿಯೊಳಗೆ ಅದಿರಿನ ಗಾಡಿ ತಳ್ಳುತ್ತಿದ್ದ ನಾರಾಯಣಪ್ಪನ ಬಲದೋಳು. ಆ ತೋಳಿನ ನರದೊಳಗೆ ಹೊಕ್ಕ ಒಂದು ಪಾಲಿಥೀನ್ ಟ್ಯೂಬು ಎದೆಯ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹೋಗಿತ್ತು. ಅವನಿಗೆ ನೀರು, ಸಕ್ಕರೆ, ಔಷಧಿ ಎಲ್ಲವೂ ಅದರಲ್ಲೇ. ಅದು ಕಿತ್ತು ಬಂದರೆ ಇನ್ನೊಂದು ಹಾಕಲು ಮೈಮೇಲೆ ಜಾಗ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂಥ ಟ್ಯೂಬಿನ ಪಟ್ಟಿ ಬದಲಾಯಿಸುವ ಕೆಲಸವನ್ನು ಸಿಸ್ಟರ್ ನನಗೇ ವಹಿಸಿದರು. ಯಾಕೆ ಅಂದರೆ, ಅಷ್ಟರಲ್ಲಿ ನಾನು ಎರಡು ಟ್ಯೂಬು ಕಿತ್ತು ಹೆಸರು ಮಾಡಿದ್ದೆ.

ಮೊದಲನೆಯದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಗಣಿಯ ಆಳದಲ್ಲಿ ಸೆಕೆ ಅಂದರೆ ಸೆಕೆ. ಅಲ್ಲಿ ಮೈಯ ನೀರೆಲ್ಲ ಬೆವರಾಗಿ ಹರಿದು, ಕೈಕಾಲು ಸೆಟೆದುಕೊಂಡು ಬಿದ್ದವರನ್ನು ನಮ್ಮಲ್ಲಿಗೆ ತರುತ್ತಿದ್ದರು. ಅಂಥವನೊಬ್ಬನ ಕಣಕಾಲಿನ ಹತ್ತಿರ ಚರ್ಮ ಕೊಯ್ದು, ನರ ಹುಡುಕಿ, ಡಾಕ್ಟರು ಸಲೈನ್ ಹಾಕಿದ್ದರು. ಆಗ ಕೆಂಪು ರಬ್ಬರ್ ಟ್ಯೂಬು, ಗಾಜಿನ ಬಾಟಲಿ, ತುದಿಗೆ ಲೋಹದ ಕೊಳವೆ. ಸಿಸ್ಟರು ಹೋಗುವಾಗ, "ಪಟ್ಟಿ ಒದ್ದೆ ಆಗಿದೆ, ಬದಲಾಯಿಸು. ಟ್ಯೂಬು ಅಲ್ಲಾಡಬಾರದು, ಗಟ್ಟಿ ಕಟ್ಟು" ಅಂದರು.

ಗಟ್ಟಿಯಾಗಿ ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯಲ್ಲಿ ಆರು ಹಸು ಕಟ್ಟಿ ಬೆಳೆದವನು ನಾನು. ಹೊಸ ಗಾಸ್ ಇಟ್ಟೆ, ಪಟ್ಟಿ ಸುತ್ತಿದೆ. ಉಳಿದ ಪಟ್ಟಿಯಲ್ಲಿ ರಬ್ಬರ್ ಟ್ಯೂಬನ್ನು ಮಂಚದ ಕಬ್ಬಿಣದ ಕಾಲಿಗೆ ಎಳೆದು ಎರಡು ಗಂಟು ಹಾಕಿದೆ. ಎಂಥ ಹೋರಿ ಬಂದರೂ ಬಿಚ್ಚದಂಥ ಗಂಟು. ಮಂಚದ ಕಾಲು ಹಿಡಿದು ಅಲ್ಲಾಡಿಸಿ ನೋಡಿದೆ, ಭದ್ರವಾಗಿತ್ತು. ಕೈ ತೊಳೆದುಕೊಂಡು ಟೀ ಕುಡಿಯಲು ಹೋದೆ. ರೋಗಿಗೆ ಅಷ್ಟರಲ್ಲಿ ಸ್ವಲ್ಪ ಜೀವ ಬಂದು ಸುಖವಾಗಿ ಮಗ್ಗುಲು ತಿರುಗಿದ. ಮಂಚ ತಿರುಗಲಿಲ್ಲ.

ನಾನು ವಾಪಸ್ಸು ಬರುವ ಹೊತ್ತಿಗೆ ನೆಲದ ಮೇಲೆ ಸಲೈನು ಹರಿಯುತ್ತಿತ್ತು, ಸಿಸ್ಟರ್ ಫಿಲೋಮಿನಾ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅವರ ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಅಡುಗೆಯವನ ಜೊತೆ ತೆಲುಗು, ಮೂರರಲ್ಲೂ ಬೈಗುಳಕ್ಕೆ ಕೊರತೆ ಇರಲಿಲ್ಲ.

"ಏನ್ ಕೃಷ್ಣಪ್ಪ, ಇದು ಕೊಟ್ಟಿಗೇನಾ?" ಅಂದರು. "ಹಸುಗಾದ್ರೂ ಗೂಟ ಎಲ್ಲಿದೆ ಅಂತ ಗೊತ್ತಿರುತ್ತೆ. ನಿದ್ದೇಲಿರೋ ಮನುಷ್ಯನಿಗೆ ಗೊತ್ತಿರುತ್ತಾ? ಟ್ಯೂಬನ್ನ ಪೇಷಂಟಿಗೆ ಕಟ್ಟೋ, ಮಂಚಕ್ಕಲ್ಲ! ಅವನು ಎಲ್ಲಿಗೆ ಹೋಗ್ತಾನೋ ಅದೂ ಅಲ್ಲಿಗೆ ಹೋಗ್ಬೇಕು."

ಬೈದರೂ ಒಂದು ಪಾಠ ಹೇಳಿಯೇ ಬೈಯುತ್ತಿದ್ದರು, ಅದು ಅವರ ದೊಡ್ಡ ಗುಣ. ಕಾಲಿನ ಮೇಲೆಯೇ ಟ್ಯೂಬನ್ನು ಒಂದು ಸುತ್ತು ಸಡಿಲವಾಗಿ ಬಾಗಿಸಿ ಅಂಟಿಸಬೇಕು, ಯಾರಾದರೂ ಎಳೆದರೆ ಮೊದಲು ಆ ಸುತ್ತು ಬಿಚ್ಚಿಕೊಳ್ಳಬೇಕು, ನರದವರೆಗೆ ಎಳೆತ ಹೋಗಬಾರದು ಎಂದು ತೋರಿಸಿಕೊಟ್ಟರು. ಇದು ನೀವೂ ಮರೆಯಬೇಡಿ. ಆ ರೋಗಿ ಬದುಕಿಕೊಂಡ, ಇನ್ನೊಂದು ಕಾಲು ಇತ್ತಲ್ಲ. ವಾರ್ಡಿನವರು ಮಾತ್ರ ತಿಂಗಳುಗಟ್ಟಲೆ ನನ್ನನ್ನು ಕಂಡರೆ "ಹಾಲು ಕರೆದಾಯ್ತಾ?" ಎಂದು ಕೇಳುತ್ತಿದ್ದರು.

ಎರಡನೆಯದಕ್ಕೆ ಕಾರಣ ನನ್ನ ವಿನಯ. ನಮ್ಮ ಆಸ್ಪತ್ರೆಗೆಲ್ಲ ದೊಡ್ಡವರಾದ ಡಾಕ್ಟರೊಬ್ಬರಿದ್ದರು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ದೊಡ್ಡ ಡಾಕ್ಟರು ಅಷ್ಟೇ. ಬಿಳಿಯ ದೊರೆಗಳ ಕಾಲದಲ್ಲಿ ಕೆಲಸಕ್ಕೆ ಸೇರಿದವರು, ದೊರೆಗಳು ಹೋದ ಮೇಲೂ ದೊರೆತನವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರು ವಾರ್ಡಿಗೆ ಬಂದರೆ ಸಿಬ್ಬಂದಿಯೆಲ್ಲ ನೆಟ್ಟಗೆ ಎದ್ದು ನಿಂತು ಸಲಾಮು ಹೊಡೆಯಬೇಕು. ಪ್ಯೂನು ಮುಂದಾಗಿ ಓಡಿ ಬಂದು ಬಾಗಿಲಲ್ಲಿ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದ ರೋಗಿಯೂ ಸುಮ್ಮನಾಗಿಬಿಡುತ್ತಿದ್ದ.

ಅವತ್ತು ವಾಂತಿಭೇದಿಯಾಗಿ ಬಂದಿದ್ದ ಮುದುಕರೊಬ್ಬರ ಕೈಯ ಪಟ್ಟಿ ಬಿಚ್ಚಿ ಕೂತಿದ್ದೆ. ಹಳೇ ಪ್ಲಾಸ್ಟರೆಲ್ಲ ತೆಗೆದಾಗಿದೆ, ಹೊಸದು ಇನ್ನೂ ಕತ್ತರಿಸಿಲ್ಲ, ಟ್ಯೂಬು ನನ್ನ ಎರಡು ಬೆರಳ ನಡುವೆ ಇದೆ. ಪ್ಯೂನು ಕೆಮ್ಮಿದ. ನಾನು ಎದ್ದೆ. ಎಡಗೈಯಲ್ಲಿ ಟ್ಯೂಬು ಇದ್ದದ್ದು ತಲೆಯಿಂದಲೇ ಹಾರಿಹೋಯಿತು. ಬಲಗೈಯಲ್ಲಿ ಜೋರಾಗಿ ಒಂದು ಸಲಾಮು ಹೊಡೆದೆ. ಟ್ಯೂಬೂ ನನ್ನ ಜೊತೆ ಎದ್ದು ಬಂತು.

ದೊಡ್ಡ ಡಾಕ್ಟರು ಮಂಚದ ಹತ್ತಿರ ನಿಂತು ರಕ್ತ ನೋಡಿದರು. "ಟ್ಯೂಬ್ ಯಾಕೆ ಬಂತು?" ಎಂದು ಕೇಳಿದರು. ತಮಗೆ ಸಲಾಮು ಹೊಡೆದದ್ದಕ್ಕೆ ಅಂತ ಹೇಳುವುದು ಹೇಗೆ? "ಜಾರ್ತು ಸಾರ್" ಅಂದೆ. "ಜಾರೋ ಹಾಗೆ ಯಾಕೆ ಹಿಡ್ಕೊಂಡಿದ್ದೆ?" ಎಂದು ಎಲ್ಲರೆದುರಿಗೆ ಚೆನ್ನಾಗಿ ಉಗಿದರು. ಪಾಪ ಆ ಮುದುಕರಿಗೆ ಮತ್ತೆ ಮೂರು ಕಡೆ ಚುಚ್ಚಬೇಕಾಯಿತು. ಮೂರನೆಯ ಸಲ ಚುಚ್ಚುವಾಗ ಅವರು ನನ್ನ ಮುಖ ನೋಡಿದರು. ದೊಡ್ಡ ಡಾಕ್ಟರ ಬೈಗುಳಕ್ಕಿಂತ ಆ ನೋಟಕ್ಕೇ ನನಗೆ ನಾಚಿಕೆಯಾಯಿತು.

ಆಮೇಲೆ ಅರವತ್ತರ ದಶಕ ಬಂತು, ಡಾಕ್ಟರ್ ಶ್ರೀನಿವಾಸಯ್ಯ ಬಂದರು. ಆಪರೇಶನ್ ಮಾಡುವವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನಗುಮುಖದವರು. ಮದರಾಸಿನಲ್ಲಿ ಕಲಿತು ಬರುವಾಗ ಪಾಲಿಥೀನ್ ಟ್ಯೂಬಿನ ಒಂದು ಸುರುಳಿ ತಂದಿದ್ದರು. ನೂಲಿಗಿಂತ ಸ್ವಲ್ಪ ದಪ್ಪ, ಬೆಳ್ಳಗೆ, ಹಗುರ. ಅದನ್ನು ತೋಳಿನ ನರದಿಂದ ಒಳಗೆ ಬಿಟ್ಟು ಎದೆಯವರೆಗೂ ತಳ್ಳಬಹುದಂತೆ. ನಮಗೆಲ್ಲ ಬಾಯಿ ಬಿಟ್ಟುಕೊಂಡು ನೋಡುವ ಹಾಗಾಯಿತು. ಚೊಕ್ಕಟ ಮಾಡಿ ಇಡು ಎಂದು ನನ್ನ ಕೈಗೆ ಕೊಟ್ಟರು. ಚೊಕ್ಕಟ ಅಂದರೆ ನಮಗೆ ಗೊತ್ತಿದ್ದದ್ದು ಕುದಿಸುವುದು. ರಬ್ಬರನ್ನು ಕುದಿಸಿದ ಹಾಗೆ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿದೆ. ಮುಚ್ಚಳ ತೆಗೆದರೆ ಶಾವಿಗೆ ಆಗಿತ್ತು.

ಡಾಕ್ಟರ್ ಶ್ರೀನಿವಾಸಯ್ಯನವರು ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, "ತೆಂಗಿನಕಾಯಿ ಹಾಲು ಎಲ್ಲಿ ಕೃಷ್ಣಪ್ಪ?" ಅಂದರು. ಅಷ್ಟೇ ಅಂದದ್ದು. ಅರ್ಧ ಸುರುಳಿ ಉಳಿದಿತ್ತು. ಅಲ್ಲಿಂದ ಮುಂದೆ ಅದನ್ನು ಔಷಧಿ ನೀರಿನಲ್ಲಿ ನೆನೆಹಾಕಿ ಇಡುವುದು ಕಲಿತೆವು.

ಆ ಬೇಸಿಗೆಯಲ್ಲಿ ನಮ್ಮ ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿ ಮುನಿಸ್ವಾಮಿ ಮೇಸ್ತ್ರಿ ಮಲಗಿದ್ದರು. ಗಣಿಯೊಳಗೆ ಬಂಡೆ ಕುಸಿಯದ ಹಾಗೆ ಮರದ ಆಸರೆ ನಿಲ್ಲಿಸುವವರಿಗೆ ಮೇಸ್ತ್ರಿ, ಆಂಡರ್ಸನ್‌ಪೇಟೆಯಲ್ಲಿ ಮನೆ. ತೊಡೆಯ ಮೂಳೆ ಮುರಿದು, ಕಾಲಿಗೆ ಕಲ್ಲಿನ ಭಾರ ಕಟ್ಟಿ ನೇತುಹಾಕಿದ್ದರು. ಎರಡು ತಿಂಗಳು ಅಲ್ಲಾಡುವ ಹಾಗಿಲ್ಲ. ಕಾಲು ಕಟ್ಟಿದ್ದರೂ ಬಾಯಿ ಕಟ್ಟಿರಲಿಲ್ಲವಾದ್ದರಿಂದ ವಾರ್ಡಿನ ಆಡಳಿತವನ್ನೆಲ್ಲ ಮಲಗಿದ ಕಡೆಯಿಂದಲೇ ನಡೆಸುತ್ತಿದ್ದರು. ಸೂಜಿ ಚುಚ್ಚುವವರಿಗೆ ಸಲಹೆ, ಗುಡಿಸುವವಳಿಗೆ ಸಲಹೆ. ನಾನು ಪಟ್ಟಿ ಬದಲಾಯಿಸುವುದನ್ನಂತೂ ನಾಟಕ ನೋಡುವ ಹಾಗೆ ನೋಡುತ್ತಿದ್ದರು.

ಒಂದು ದಿನ ಎದುರು ಮಂಚದವನ ಟ್ಯೂಬಿನ ಪಟ್ಟಿ ಬಿಚ್ಚಿದೆ. ಪ್ಲಾಸ್ಟರೆಲ್ಲ ತೆಗೆದುಹಾಕಿ ಹೊಸದನ್ನು ಕತ್ತರಿಸಲು ತಿರುಗುವಾಗ ಮೇಸ್ತ್ರಿ ಕೂಗಿದರು.

"ಏ ತಂಬೀ, ನಿನ್ನನ್ನ ನನ್ ಗ್ಯಾಂಗಲ್ಲಿ ಇಟ್ಕೊಂಡಿದ್ರೆ ಇಷ್ಟೊತ್ತಿಗೆ ನೀನು ಹತ್ತು ಜನಾನ ಕೊಂದಿರ್ತಿದ್ದೆ!"

"ಯಾಕೆ ಮೇಸ್ತ್ರೀ?"

"ಹಳೇ ಮರ ಎಲ್ಲಾ ತೆಗ್ದುಬಿಟ್ಟು ಹೊಸ ಮರ ತರೋಕೆ ಹೋಗ್ತೀಯಲ್ಲ, ಅಷ್ಟೊತ್ತು ಬಂಡೆ ಯಾರಪ್ಪ ಹಿಡ್ಕೊಳ್ಳೋದು? ನಿಮ್ಮಪ್ಪನಾ?"

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಹತ್ತಿರ ಕರೆದು, ತಮ್ಮ ಬೆರಳುಗಳನ್ನೇ ಮರ ಮಾಡಿ ತೋರಿಸಿದರು. ಹಳೆಯ ಮರ ಹುಳ ಹಿಡಿದಿರಬಹುದು, ಸೀಳಿರಬಹುದು. ಆದರೂ ಅದನ್ನು ಮುಟ್ಟುವ ಹಾಗಿಲ್ಲ. ಮೊದಲು ಅದರ ಪಕ್ಕದಲ್ಲೇ ಹೊಸ ಮರ ನಿಲ್ಲಿಸಬೇಕು, ಬೆಣೆ ಹೊಡೆದು ಬಂಡೆಗೆ ಬಿಗಿ ಮಾಡಬೇಕು, ಹೊಸದು ಭಾರ ಹೊತ್ತಿದೆ ಅಂತ ತಟ್ಟಿ ಸದ್ದು ಕೇಳಬೇಕು. ಆಮೇಲೆ ಹಳೆಯದು. ಅದೂ ಒಂದೊಂದೇ. "ಎರಡು ಮರ ಒಟ್ಟಿಗೆ ತೆಗ್ದೋನು ಮೂರನೇದು ತೆಗೆಯೋಕೆ ಇರೋದಿಲ್ಲ ತಂಬಿ" ಅಂದರು. "ಇನ್ನೊಂದು ಕೇಳು. ಮರಕ್ಕೆ ಕೈ ಕೊಟ್ಟೋನಿಗೆ ಬೇರೆ ಕೆಲ್ಸ ಇಲ್ಲ. ಅವನು ಬೀಡಿ ಸೇದಂಗಿಲ್ಲ, ಮೂಗು ಕೆರ್ಕೊಳ್ಳಂಗಿಲ್ಲ. ಮ್ಯಾನೇಜರ್ ಬಂದ್ರೂ ಸಲಾಮು ಹೊಡೆಯಂಗಿಲ್ಲ."

ಸಲಾಮಿನ ಮಾತು ಬಂದಾಗ ನಾನು ತಟ್ಟನೆ ಅವರ ಮುಖ ನೋಡಿದೆ. ಅವರಿಗೆ ನನ್ನ ಹಳೆಯ ಕಥೆ ಗೊತ್ತೇ ಇರಲಿಲ್ಲ. ಅವತ್ತೇ ನನ್ನ ಕ್ರಮ ಬದಲಾಯಿಸಿದೆ. ಬೇಕಾದ ಪ್ಲಾಸ್ಟರನ್ನೆಲ್ಲ ಮೊದಲೇ ಕತ್ತರಿಸಿ ಟ್ರೇ ಅಂಚಿಗೆ ಅಂಟಿಸಿಡುವುದು. ಹಳೆಯ ಪ್ಲಾಸ್ಟರಿನ ಪಕ್ಕದಲ್ಲೇ, ಟ್ಯೂಬಿನ ಮೇಲೆ, ಮೊದಲು ಒಂದು ಹೊಸ ತುಂಡು ಹಾಕುವುದು. ಅದು ಹಿಡಿಯಿತೋ ಇಲ್ಲವೋ ಮೆಲ್ಲಗೆ ಅಲ್ಲಾಡಿಸಿ ನೋಡುವುದು. ಆಮೇಲೆ ಹಳೆಯದನ್ನು, ಟ್ಯೂಬು ಚರ್ಮದೊಳಗೆ ಹೋಗುವ ದಿಕ್ಕಿಗೇ ಸುಲಿಯುವುದು, ಹೊರಕ್ಕೆ ಎಳೆಯದಿರುವುದು. ಇಷ್ಟೆಲ್ಲ ನಡೆಯುವಾಗ ಎಡಗೈಯ ಬೆರಳೊಂದು ಟ್ಯೂಬಿನ ಮೇಲೆ. ಆ ಬೆರಳಿಗೆ ಬೇರೆ ಕೆಲಸ ಇಲ್ಲ.

ಹೀಗೆ ಒಂದು ತಿಂಗಳು ಒಂದು ಟ್ಯೂಬೂ ಹೋಗಲಿಲ್ಲ. ಆಗ ಬಂದವನು ನಾರಾಯಣಪ್ಪ.

ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು ತುಂಬಿತ್ತು. ಆಪರೇಶನ್ ಆಯಿತು. ಬಾಯಿಗೆ ಒಂದು ತೊಟ್ಟು ನೀರೂ ಕೊಡುವ ಹಾಗಿಲ್ಲ. ಒಂದು ವಾರ ಕೈಗೆ, ಕಾಲಿಗೆ ಹಾಕಿದ ಸೂಜಿಗಳೆಲ್ಲ ಒಂದೊಂದಾಗಿ ಊದಿಕೊಂಡು ನರಗಳು ಮುಗಿದುಹೋದವು. ಇಪ್ಪತ್ತಾರು ಇಪ್ಪತ್ತೇಳರ ಗಂಡಸು, ಗಾಡಿ ತಳ್ಳಿ ತಳ್ಳಿ ಗಟ್ಟಿಯಾದ ಮೈ, ಚಾಪೆಯ ಮೇಲೆ ಒಣಹಾಕಿದ ಬಟ್ಟೆಯ ಹಾಗೆ ಆಗಿದ್ದ. ಡಾಕ್ಟರ್ ಶ್ರೀನಿವಾಸಯ್ಯನವರು ಬಲದೋಳಿನ ಒಂದು ನರ ಹುಡುಕಿ ಪಾಲಿಥೀನ್ ಟ್ಯೂಬನ್ನು ಎದೆಯವರೆಗೆ ಬಿಟ್ಟರು. ಹೊರಗೆ ಬಂದು ಕೈಗವಸು ತೆಗೆಯುತ್ತಾ ಸಿಸ್ಟರಿಗೆ ಹೇಳಿದರು, "ಇದೇ ಕೊನೇ ದಾರಿ. ಕರುಳು ಕೂಡಿಕೊಳ್ಳೋಕೆ ಹತ್ತು ದಿನ ಬೇಕು. ಅಷ್ಟು ದಿನ ಇದು ಉಳಿದ್ರೆ ಅವನು ಉಳೀತಾನೆ."

ಚರ್ಮಕ್ಕೆ ಹಾಕಿದ್ದ ಹೊಲಿಗೆ ಎರಡನೇ ದಿನವೇ ಮಾಂಸ ಕೊಯ್ದು ಬಿಚ್ಚಿಕೊಂಡಿತು. ಉಳಿದದ್ದು ಪ್ಲಾಸ್ಟರ್. ಬೇಸಿಗೆಯ ಬೆವರು, ಜ್ವರದ ಬೆವರು, ಎರಡೂ ಸೇರಿ ಪ್ಲಾಸ್ಟರ್ ಒಂದು ದಿನಕ್ಕೇ ತೊಗಟೆಯ ಹಾಗೆ ಏಳುತ್ತಿತ್ತು. ದಿನ ಬಿಟ್ಟು ದಿನ ಮಾಡುವ ಪಟ್ಟಿಯನ್ನು ದಿನವೂ ಮಾಡಬೇಕಾಯಿತು. "ಯಾರು ಮಾಡೋದು?" ಎಂದು ಡಾಕ್ಟರು ಕೇಳಿದಾಗ ಸಿಸ್ಟರ್ ಫಿಲೋಮಿನಾ ನನ್ನ ಕಡೆ ಗದ್ದ ಎತ್ತಿ ತೋರಿಸಿದರು.

"ಇವನಾ? ಶಾವಿಗೆಯವನಾ?"

"ಇವನೇ ಡಾಕ್ಟರ್. ಟ್ಯೂಬು ಯಾವ್ಯಾವ ಥರ ಕಿತ್ತು ಬರುತ್ತೆ ಅಂತ ಇವನಷ್ಟು ತಿಳ್ಕೊಂಡೋರು ಈ ಆಸ್ಪತ್ರೇಲಿ ಇಲ್ಲ."

ಅದು ಹೊಗಳಿಕೆಯೋ ಬೈಗುಳವೋ ಇಂದಿಗೂ ತೀರ್ಮಾನ ಮಾಡಿಲ್ಲ. ನಾನು ಹೆದರಿದ್ದೆ ಅನ್ನುವುದನ್ನು ಮಾತ್ರ ಮುಚ್ಚಿಡುವುದಿಲ್ಲ. ಟ್ಯೂಬು ಚರ್ಮದೊಳಗೆ ಹೋಗುವ ಕಡೆ ಅದರ ಮೇಲೆ ಒಂದು ರೇಷ್ಮೆ ನೂಲಿನ ಗಂಟು ಹಾಕಿದೆ. ಗಂಟು ಚರ್ಮಕ್ಕೆ ತಾಗಿಕೊಂಡಿದ್ದರೆ ಟ್ಯೂಬು ಇದ್ದಲ್ಲೇ ಇದೆ, ದೂರವಾದರೆ ಜಾರಿದೆ ಅಂತ ಲೆಕ್ಕ. ಬೆಳಿಗ್ಗೆ ಬಂದವನು ಯಾರಿಗೂ ನಮಸ್ಕಾರ ಹೇಳದೆ ಮೊದಲು ಆ ಗಂಟು ನೋಡುತ್ತಿದ್ದೆ.

ನಾರಾಯಣಪ್ಪನ ಹೆಂಡತಿ ಗೌರಮ್ಮ ಮಂಚದ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಮೂರನೇ ದಿನ ಮಾತ್ರ ಅವಳು ಬಸ್ಸು ಹಿಡಿದು ಕಾಮಸಮುದ್ರಕ್ಕೆ ಹೋಗಿ ಬಂದಳು. ಸೆರಗಿನ ಗಂಟಿನಿಂದ ಅರಿಶಿನದ ದಾರಕ್ಕೆ ಕಟ್ಟಿದ ತಾಯತ ತೆಗೆದು, "ಇದನ್ನ ಬಲಗೈಗೆ ಕಟ್ಬೇಕಣ್ಣಾ" ಅಂದಳು.

"ಬಲಗೈಲಿ ಟ್ಯೂಬ್ ಐತಲ್ಲಮ್ಮಾ, ಎಡಗೈಗೆ ಕಟ್ಟು."

"ಆಗಲ್ಲಣ್ಣಾ. ಪೂಜಾರಪ್ಪ ಬಲಗೈಗೇ ಅಂತ ಏಳವ್ನೆ. ಗಂಡಸ್ರಿಗೆ ಎಡಗೈಗೆ ಕಟ್ತಾರಾ ಎಲ್ಲಾದ್ರೂ?"

ಅವಳು ಅಳುವ ಹಾಗಿದ್ದಳು. ಬೇಡ ಅಂದರೆ ನಾನಿಲ್ಲದಾಗ ತಾನೇ ಪಟ್ಟಿ ಸಡಿಲಿಸಿ ಕಟ್ಟುತ್ತಾಳೆ ಅನ್ನುವ ಭಯ ನನಗೆ. ಮೇಸ್ತ್ರಿ ಕಿಟಕಿಯ ಪಕ್ಕದಿಂದ ತೀರ್ಪು ಕೊಟ್ಟರು, "ಮರ ಎಲ್ಲ ನಿಲ್ಸಿ ಆದ್ಮೇಲೆ ಸಾಮಿ ಒಂದು ಬೆಣೆ ಹೊಡ್ಕೊಳ್ಳಲಿ ಬಿಡು ತಂಬಿ." ಪಟ್ಟಿಯೆಲ್ಲ ಮುಗಿದ ಮೇಲೆ ಹೊರಗಡೆ ಕಟ್ಟೋಣ ಎಂದು ಒಪ್ಪಂದವಾಯಿತು. ಸಿಸ್ಟರ್ ಫಿಲೋಮಿನಾ ಶಿಲುಬೆಯ ಸರ ಹಾಕಿಕೊಳ್ಳುವವರು, ಅವರು ಏನನ್ನುತ್ತಾರೋ ಎಂದು ನೋಡಿದೆ. "ಕಟ್ಟಲಿ. ಆದ್ರೆ ಕುದಿಸಿ ಕಟ್ಟಬೇಕು" ಅಂದು, ತಾಯತವನ್ನು ಇಕ್ಕಳದಲ್ಲಿ ಹಿಡಿದು ಸೂಜಿ ಕತ್ತರಿಗಳ ಜೊತೆ ಕುದಿಯುವ ನೀರಿಗೆ ಬಿಟ್ಟರು. ಅವತ್ತೆಲ್ಲ ನಮ್ಮ ವಾರ್ಡಿನ ಸೂಜಿಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಕುಂಡಿಗೆ ಚುಚ್ಚಿಸಿಕೊಂಡವರೆಲ್ಲ ಮದುವೆಗಂಡಿನ ಹಾಗೆ ಹಳದಿ ಗುರುತು ಇಟ್ಟುಕೊಂಡು ಓಡಾಡಿದರು.

ಏಳನೇ ದಿನ. ನಾರಾಯಣಪ್ಪನಿಗೆ ಜ್ವರ ಬಿಡುತ್ತಿತ್ತು, ಮೈಯೆಲ್ಲ ನೀರು. ಹೊಸ ಪ್ಲಾಸ್ಟರ್ ಹಾಕಿದೆ, ಜಾರಿತು. ಇನ್ನೊಂದು ಹಾಕಿದೆ, ಅದೂ ಜಾರಿತು. ಹಳೆಯದು ತಾನಾಗಿಯೇ ಎದ್ದು ಬಂತು. ನಿಲ್ಲಿಸಿದ ಮರ ಒಂದೂ ಇಲ್ಲ ಅಂದ ಹಾಗಾಯಿತು. ಚರ್ಮ ಒರೆಸಿ, ಪ್ಲಾಸ್ಟರ್ ಹಿಡಿಯಲಿ ಎಂದು ಅಂಟಿನ ಟಿಂಚರ್ ಹಚ್ಚಿ, ಅದು ಒಣಗುವುದನ್ನು ಕಾಯುತ್ತಾ ಎಡಗೈ ಬೆರಳಲ್ಲಿ ಟ್ಯೂಬು ಒತ್ತಿ ಹಿಡಿದು ಕೂತೆ. ಗೌರಮ್ಮ ರಟ್ಟಿನಲ್ಲಿ ಗಾಳಿ ಬೀಸುತ್ತಿದ್ದಳು. ಸರಿಯಾಗಿ ಆಗಲೇ ಬಾಗಿಲಲ್ಲಿ ಪ್ಯೂನು ಕೆಮ್ಮಿದ.

ದೊಡ್ಡ ಡಾಕ್ಟರು ಒಬ್ಬರೇ ಬಂದಿರಲಿಲ್ಲ, ಸೂಟು ಹಾಕಿದ ಇಬ್ಬರು ಅತಿಥಿಗಳು ಜೊತೆಗಿದ್ದರು. ವಾರ್ಡಿನಲ್ಲಿ ಎಲ್ಲರೂ ದಡಬಡನೆ ಎದ್ದರು. ಗೌರಮ್ಮ ರಟ್ಟು ಬಿಸಾಡಿ ಎದ್ದಳು. ನಾನೊಬ್ಬ ಸ್ಟೂಲಿನ ಮೇಲೆ, ಅವರಿಗೆ ಬೆನ್ನು ಹಾಕಿಕೊಂಡು ಕೂತಿದ್ದೆ. ನನ್ನ ಕಾಲು ಎರಡು ಸಲ ತಾನಾಗಿಯೇ ಏಳಲು ನೋಡಿತು. ಹತ್ತು ವರ್ಷದ ಅಭ್ಯಾಸ ಕಾಲಿಗಿತ್ತು.

"ತಂಬೀ, ಮರ!" ಎಂದರು ಮೇಸ್ತ್ರಿ ಮೆಲ್ಲಗೆ.

ಬೂಟಿನ ಸದ್ದು ನನ್ನ ಹಿಂದೆ ಬಂದು ನಿಂತಿತು. "ಯಾರಪ್ಪಾ ನೀನು? ಎದ್ದು ನಿಲ್ಲೋಕಾಗಲ್ವಾ?"

"ಸಾರ್, ಎಡಗೈ ಖಾಲಿ ಇಲ್ಲ" ಅಂದೆ. ನಿಜವಾಗಿ ಹೇಳಬೇಕೆಂದಿದ್ದದ್ದು ಬೇರೆ, ಬಾಯಿಗೆ ಬಂದದ್ದು ಇದು.

ಅತಿಥಿಗಳಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಅವರು ನಗದೇ ಇದ್ದಿದ್ದರೆ ಒಳ್ಳೆಯದಿತ್ತು. ದೊಡ್ಡ ಡಾಕ್ಟರ ಬೂಟು ಸರ್ರನೆ ತಿರುಗಿ ಹೊರಟುಹೋಯಿತು. ಟಿಂಚರ್ ಒಣಗಿತು, ಪ್ಲಾಸ್ಟರ್ ಹಿಡಿಯಿತು, ರೇಷ್ಮೆ ಗಂಟು ಚರ್ಮಕ್ಕೆ ಅಂಟಿಕೊಂಡೇ ಇತ್ತು. ಮಧ್ಯಾಹ್ನ ನನ್ನ ಹೆಸರಿಗೆ ಮೆಮೊ ಬಂತು. ಮೇಲಧಿಕಾರಿಗೆ ಅಗೌರವ ತೋರಿದ್ದಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದು, ಎರಡು ದಿನದಲ್ಲಿ ಉತ್ತರ ಕೊಡು ಎಂದು.

"ಕೆಲ್ಸ ಹೋದ್ರೆ ಬೂದಿಕೋಟೆಗೆ ಹೋಗಿ ಹಸು ಕಟ್ಟು. ಅದು ನಿನಗೆ ಚೆನ್ನಾಗಿ ಬರುತ್ತಂತಲ್ಲ" ಅಂದರು ಮೇಸ್ತ್ರಿ. ಅಷ್ಟರಲ್ಲಿ ಅವರಿಗೂ ಆ ಕಥೆ ತಲುಪಿತ್ತು. ನನಗೆ ನಗು ಬರಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರು. ಉತ್ತರ ಬರೆಯಲು ನನಗೆ ಇಂಗ್ಲಿಷ್ ಬಾರದು. ಸಿಸ್ಟರ್ ಫಿಲೋಮಿನಾ ಮೆಮೊ ಕಿತ್ತುಕೊಂಡು ಅದರ ಕೆಳಗೇ ಒಂದು ಸಾಲು ಬರೆದು ವಾಪಸ್ಸು ಕಳಿಸಿದರು. ಏನು ಬರೆದಿರಿ ಎಂದು ಕೇಳಿದೆ. "ನಾಳೆ ಹತ್ತು ಗಂಟೆಗೆ ಪಟ್ಟಿ ಬದಲಾಯಿಸುತ್ತಾನೆ, ಬಂದು ನೋಡಿ ಅಂತ ಬರೆದೆ" ಅಂದರು.

ಬಂದರು. ಮರುದಿನ ಹತ್ತಕ್ಕೆ ಸರಿಯಾಗಿ, ಪ್ಯೂನೂ ಇಲ್ಲ, ಕೆಮ್ಮೂ ಇಲ್ಲ. ಮಂಚದ ಆಚೆ ಬದಿಗೆ ತಾವೇ ಒಂದು ಸ್ಟೂಲು ಎಳೆದುಕೊಂಡು, "ಮಾಡು" ಅಂದರು. ನಾನು ಮಾಡಿದೆ. ಕತ್ತರಿಸಿಟ್ಟ ಪ್ಲಾಸ್ಟರ್, ಮೊದಲು ಹೊಸದು, ಆಮೇಲೆ ಹಳೆಯದು, ಒಳದಿಕ್ಕಿಗೆ ಸುಲಿಯುವುದು, ಸಡಿಲ ಸುತ್ತು, ಎಲ್ಲದರ ಮೇಲೆ ಗೌರಮ್ಮನ ತಾಯತ. ಕಾಲು ಗಂಟೆ ಅವರ ಕಣ್ಣು ನನ್ನ ಎಡಗೈ ಬಿಟ್ಟು ಕದಲಲಿಲ್ಲ.

"ಯಾರು ಕಲಿಸಿದ್ದು ಇದನ್ನ?"

ನಾನು ಕಿಟಕಿಯ ಕಡೆ ನೋಡಿದೆ. ಮೇಸ್ತ್ರಿ ಮಲಗಿದಲ್ಲೇ ಕೈ ಮುಗಿದು, "ಅರವತ್ತನೇ ಲೆವೆಲ್ ಕಾಲೇಜು ಸಾರ್" ಅಂದರು. ಗಣಿಯಲ್ಲಿ ಅಷ್ಟು ಅಂತಸ್ತು ಕೆಳಗೆ ಅವರ ಕೆಲಸ.

ದೊಡ್ಡ ಡಾಕ್ಟರು ನನ್ನನ್ನೇ ನೋಡುತ್ತಾ ಕೇಳಿದರು, "ಹಿಂದೆ ಒಂದ್ಸಲ ನಿನ್ನ ಕೈಲಿ ಟ್ಯೂಬ್ ಕಿತ್ತು ಬಂದಿತ್ತಲ್ಲ. ಜಾರ್ತು ಅಂದಿದ್ದೆ. ನಿಜವಾಗಿ ಯಾಕೆ ಬಂತು?"

ಅವರಿಗೆ ಅದು ಅಷ್ಟು ವರ್ಷ ನೆನಪಿತ್ತು! ಕೆಲಸ ಹೇಗೂ ಹೋಗುವುದೇ, ಸುಳ್ಳು ಯಾಕೆ ಎಂದುಕೊಂಡೆ. "ತಮಗೆ ಸಲಾಮು ಹೊಡೆದೆ ಸಾರ್, ಅದಕ್ಕೆ ಬಂತು."

ದೊಡ್ಡ ಡಾಕ್ಟರು ಎದ್ದು ಸ್ಟೂಲನ್ನು ಇದ್ದ ಜಾಗಕ್ಕೆ ಇಟ್ಟರು. ನಾನು ಅಭ್ಯಾಸಬಲದಿಂದ ಏಳಹೋದೆ. "ಕೂತ್ಕೋ" ಅಂದು ಹೊರಟುಹೋದರು. ಮೆಮೊ ವಿಷಯ ಯಾರೂ ಮತ್ತೆ ಎತ್ತಲಿಲ್ಲ. ರೋಗಿಯ ಪಟ್ಟಿಗೆ ಕೈ ಹಾಕಿರುವವರು ಯಾರು ಬಂದರೂ ಏಳಬೇಕಾಗಿಲ್ಲ ಎಂದು ವಾರ್ಡಿನ ಬಾಗಿಲಿಗೆ ಒಂದು ಚೀಟಿ ಬಂತು. ನಮ್ಮ ಜನಕ್ಕೆ ಅಷ್ಟು ಸಾಕಿತ್ತು. ಮುಂದಿನ ಸೋಮವಾರ ಕೆಮ್ಮು ಕೇಳಿದ ಕೂಡಲೇ ಇಡೀ ಸಿಬ್ಬಂದಿ ಸಿಕ್ಕಿದವರ ಪಟ್ಟಿ ಹಿಡಿದುಕೊಂಡು ಕೂತರು. ಒಬ್ಬನ ಹೆಬ್ಬೆರಳಿನ ಗಾಯಕ್ಕೆ ಮೂವರು ಕೈ ಹಾಕಿದ್ದರು, ಅಡುಗೆಯವನೂ ಒಂದು ಕಾಲು ಹಿಡಿದುಕೊಂಡಿದ್ದ.

ಒಂಬತ್ತನೇ ದಿನ ನಾರಾಯಣಪ್ಪನ ಬಾಯಿಗೆ ಎರಡು ಚಮಚ ಗಂಜಿ ಬಿಟ್ಟರು. ಅದು ಒಳಗೇ ಉಳಿಯಿತು. ಹತ್ತನೇ ದಿನ ಒಂದು ಲೋಟ. ಹನ್ನೊಂದನೇ ದಿನ ಬೆಳಿಗ್ಗೆ ಅವನು ಮೇಸ್ತ್ರಿಯ ಜೊತೆ ಮುದ್ದೆಯ ಗಾತ್ರದ ಬಗ್ಗೆ ಜಗಳ ಆಡುತ್ತಿದ್ದ. ಡಾಕ್ಟರ್ ಶ್ರೀನಿವಾಸಯ್ಯನವರು ಹೊಟ್ಟೆ ಒತ್ತಿ ನೋಡಿ, "ಇನ್ನು ಟ್ಯೂಬ್ ಬೇಡ. ಕೃಷ್ಣಪ್ಪ, ನೀನೇ ತೆಗಿ" ಅಂದರು.

ತಾಯತ ಬಿಚ್ಚಿ ಗೌರಮ್ಮನ ಕೈಗೆ ಕೊಟ್ಟೆ. ಪಟ್ಟಿ ಬಿಚ್ಚಿದೆ, ಪ್ಲಾಸ್ಟರ್ ಸುಲಿದೆ. ಬಲಗೈಯಲ್ಲಿ ಟ್ಯೂಬಿನ ತುದಿ ಹಿಡಿದು ಎಳೆದೆ. ಬರಲಿಲ್ಲ. ಮತ್ತೆ ಎಳೆದೆ, ಬರಲಿಲ್ಲ. ಒಳಗೆ ಎಲ್ಲೋ ಸಿಕ್ಕಿಕೊಂಡಿದೆ ಎಂದು ಡಾಕ್ಟರನ್ನು ಕರೆದೆ. ಡಾಕ್ಟರು ಬಗ್ಗಿ ನೋಡಿದವರು ನಗತೊಡಗಿದರು. ನನ್ನ ಎಡಗೈಯ ಬೆರಳು ಟ್ಯೂಬನ್ನು ಚರ್ಮಕ್ಕೆ ಒತ್ತಿ ಹಿಡಿದುಕೊಂಡಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದ ಮೇಲೂ ಅದು ಸಡಿಲವಾಗಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ತುಂಬಿ ಟ್ಯೂಬೇ ಕಾಣುತ್ತಿರಲಿಲ್ಲ.

ನಾರಾಯಣಪ್ಪ ಆಚೆಯ ಕೈ ಎತ್ತಿ ತಂದು, ನನ್ನ ಬೆರಳನ್ನು ಮೆಲ್ಲಗೆ ಬಿಡಿಸಿದ.

"ಬುಡಣ್ಣಾ, ಇಡ್ಕಂಡಿದ್ದು ಸಾಕು" ಅಂದ. "ನಾನೆಲ್ಲೂ ಓಗಲ್ಲ."